ಎತ್ತರದ ಪಾಸ್‌ಗಳನ್ನು ಮಧ್ಯಾಹ್ನದೊಳಗೇ ದಾಟಬೇಕಾ?

ಪ್ರಶ್ನೆ: ಹನ್ನೆರಡು ದಿನದ ಟ್ರೆಕ್ ಒಂದಕ್ಕೆ ಒಬ್ಬನೇ ಹೊರಟಿದ್ದೇನೆ. ದಾರಿಯಲ್ಲಿ ಮೂರು ದೊಡ್ಡ ಪಾಸ್‌ಗಳಿವೆ. ಯಾರನ್ನು ಕೇಳಿದರೂ "ಮಧ್ಯಾಹ್ನದೊಳಗೆ ದಾಟಿಬಿಡಿ" ಅನ್ನುತ್ತಾರೆ. ಯಾಕೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ನಿಧಾನವಾಗಿ ನಡೆಯುವವನು. ಬೆಳಗ್ಗೆ ಬೇಗ ಏಳುವುದೂ ಕಷ್ಟ. ಒಂದೆರಡು ಗಂಟೆ ತಡವಾದರೆ ಏನಾಗುತ್ತದೆ?

ಉತ್ತರ: ನಿಧಾನವಾಗಿ ನಡೆಯುವುದರಿಂದ ತೊಂದರೆ ಇಲ್ಲ. ಎತ್ತರದಲ್ಲಿ ಅದೇ ವಾಸಿ. ಬೇಗ ಏಳುವುದು ಕಷ್ಟ ಅಂದಿರಲ್ಲ, ಪೇಚು ಇರುವುದು ಅಲ್ಲಿ.

"ಮಧ್ಯಾಹ್ನದೊಳಗೆ ದಾಟಿ" ಅನ್ನುವುದು ಅರ್ಧ ಮಾತು. ಪಾಸ್ ಅಂದರೆ ಎರಡು ಶಿಖರಗಳ ನಡುವಿನ ತಗ್ಗು. ಅದರ ನೆತ್ತಿಗೆ ಹನ್ನೆರಡಕ್ಕೆ ಮುಟ್ಟಿದೆ ಅಂತ ಖುಷಿಪಟ್ಟರೆ ಸಾಲದು. ಹನ್ನೆರಡರ ಹೊತ್ತಿಗೆ ನೀವು ಆ ಕಡೆ ಇಳಿದು, ಸಾಕಷ್ಟು ಕೆಳಗೆ ಇರಬೇಕು. ಯಾಕೆಂದರೆ ಮಧ್ಯಾಹ್ನದ ಮೇಲೆ ಕೆಡುವುದು ಒಂದಲ್ಲ, ಮೂರು: ಆಕಾಶ, ಹಿಮ, ನೀರು.

ಆಕಾಶದ ಕಥೆ ಬಹಳ ಜನರಿಗೆ ಗೊತ್ತು. ಬೆಳಗ್ಗೆ ಬಿಸಿಲು ಬಿದ್ದು ಇಳಿಜಾರುಗಳು ಕಾಯುತ್ತವೆ. ಕಾದ ಗಾಳಿ ಮೇಲೇರುತ್ತದೆ, ಅದರಲ್ಲಿನ ತೇವ ತಣ್ಣಗಾಗಿ ಮೋಡವಾಗುತ್ತದೆ. ಒಂಬತ್ತಕ್ಕೆ ನೀಲಿಯಾಗಿದ್ದ ಆಕಾಶದಲ್ಲಿ ಹನ್ನೊಂದಕ್ಕೆ ಹತ್ತಿಯುಂಡೆಗಳು. ಎರಡಕ್ಕೆ ಗುಡುಗು, ಕೆಲವೊಮ್ಮೆ ಆಲಿಕಲ್ಲು. ಎರಡು ಕಣಿವೆಗಳ ಗಾಳಿ ನುಗ್ಗುವುದಕ್ಕೆ ಸಿಗುವ ಕಿಂಡಿಯೇ ಪಾಸ್, ಹಾಗಾಗಿ ಅಲ್ಲಿ ಹೊಡೆತ ಜಾಸ್ತಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ. 3 ಸೆಕೆಂಡಿಗೆ ಸುಮಾರು 1 ಕಿ.ಮೀ. ಲೆಕ್ಕ. 30ರ ಒಳಗೆ ಬಂದರೆ ಸಿಡಿಲು ನಿಮ್ಮವರೆಗೂ ಬರುವಷ್ಟು ಹತ್ತಿರವಿದೆ ಅಂತ ಅರ್ಥ. ಆಗ ಫೋಟೋಗೆ ನಿಲ್ಲದೆ ಇಳಿಯಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಮತ್ತೆ ಮೇಲೆ ಹೋಗುವ ಮಾತೇ ಇಲ್ಲ.

ಆದರೆ ಬೆಳಗ್ಗೆ ಬೇಗ ಹೊರಟುಬಿಟ್ಟರೆ ಎಲ್ಲ ಸರಿ ಅಂದುಕೊಳ್ಳಬೇಡಿ. ಈ ದಿನಚರಿ ಬಿಸಿಲು ಹುಟ್ಟಿಸುವ ಮೋಡಕ್ಕೆ ಮಾತ್ರ. ದೂರದಿಂದ ಬರುವ ದೊಡ್ಡ ಬಿರುಗಾಳಿಗೆ ಗಡಿಯಾರ ಗೊತ್ತಿಲ್ಲ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣದ ಹತ್ತಿರ ದಡಕ್ಕೆ ಅಪ್ಪಳಿಸಿತು. ಎರಡು ದಿನದ ನಂತರ ಅದರ ಉಳಿಕೆ ನೇಪಾಳದ ಅನ್ನಪೂರ್ಣ ಪರ್ವತಗಳನ್ನು ಸುತ್ತುವ ಟ್ರೆಕ್ ದಾರಿಯ ಮೇಲೆ ಹಿಮವಾಗಿ ಸುರಿಯಿತು. 5416 ಮೀಟರ್ ಎತ್ತರದ ಥೊರಾಂಗ್ ಲಾ ಪಾಸ್‌ನಲ್ಲೂ ಆಸುಪಾಸಿನಲ್ಲೂ 40ಕ್ಕಿಂತ ಹೆಚ್ಚು ಜನ ಸತ್ತರು. ಅದು ಟ್ರೆಕ್‌ಗೆ ಹೇಳಿಮಾಡಿಸಿದ ತಿಂಗಳು ಅಂತ ಎಲ್ಲರೂ ನಂಬಿದ್ದ ಅಕ್ಟೋಬರ್. ಹಾಗಾಗಿ ಬೆಟ್ಟದ ಮುನ್ಸೂಚನೆ ಒಂದನ್ನೇ ನೋಡಿದರೆ ಸಾಲದು, ನೂರಾರು ಕಿಲೋಮೀಟರ್ ದೂರದ ಸಮುದ್ರದಲ್ಲಿ ಏನಾಗುತ್ತಿದೆ ಅಂತಲೂ ನೋಡಬೇಕು.

ಇನ್ನು ಹಿಮ. ರಾತ್ರಿ ಚಳಿಗೆ ಗಟ್ಟಿಯಾದ ಹಿಮದ ಮೇಲೆ ಬೆಳಗ್ಗೆ ಆರಾಮಾಗಿ ನಡೆಯಬಹುದು. ಬಿಸಿಲೇರಿದ ಮೇಲೆ ಅದೇ ಹಿಮ ನೆನೆದ ಸಕ್ಕರೆಯಂತಾಗುತ್ತದೆ. ಹೆಜ್ಜೆ ಇಟ್ಟ ಕಾಲು ತೊಡೆಯವರೆಗೂ ಇಳಿಯುತ್ತದೆ. ಬಂಡೆಯ ಪಕ್ಕದಲ್ಲಂತೂ ಹಿಮದಡಿ ಟೊಳ್ಳು ಇರುತ್ತದೆ, ಅಲ್ಲಿ ಕಾಲು ಸಿಕ್ಕಿ ಮೊಣಕಾಲ ಕೆಳಗಿನ ಚರ್ಮ ಕಿತ್ತು ಬರುತ್ತದೆ. ಬೆನ್ನ ಮೇಲೆ ಹದಿನೈದು ಕೆಜಿ. ಎಳೆದುಕೊಳ್ಳಲು ಎರಡನೆಯವರಿಲ್ಲ. ಪಕ್ಕಕ್ಕೆ ಉರುಳಿ, ಬ್ಯಾಗ್ ಕಳಚಿ, ಕೈಯಿಂದ ಹಿಮ ಕೆದಕಿ ಕಾಲು ಬಿಡಿಸಿಕೊಂಡು ಏಳಬೇಕು. ಹತ್ತು ಹೆಜ್ಜೆಗೆ ಮತ್ತೆ ಅದೇ. ನೂರು ಮೀಟರ್ ದಾಟಲು ಅರ್ಧ ಗಂಟೆ ಹೋದರೂ ಆಶ್ಚರ್ಯವಿಲ್ಲ. ರಾತ್ರಿ ಕಲ್ಲುಗಳನ್ನು ಹಿಡಿದಿಟ್ಟ ಮಂಜುಗಡ್ಡೆಯೂ ಇದೇ ಹೊತ್ತಿಗೆ ಕರಗಿ, ಮೇಲಿಂದ ಕಲ್ಲು ಉದುರಲು ಶುರುವಾಗುತ್ತದೆ.

ಹಾಗಂತ ಬೆಳಗಿನ ಜಾವ ಮೂರಕ್ಕೇ ಹೊರಟು ಕಡಿದಾದ ಹಿಮದ ಇಳಿಜಾರು ಹತ್ತುವುದೂ ಸರಿಯಲ್ಲ. ಆಗ ಅದು ಗಾಜಿನಂತೆ ಇರುತ್ತದೆ. ಶೂ ಅಡಿಗೆ ಕಟ್ಟುವ ಲೋಹದ ಮುಳ್ಳುಗಳು (ಮೈಕ್ರೋಸ್ಪೈಕ್ಸ್ ಅಥವಾ ಕ್ರ್ಯಾಂಪಾನ್) ಇಲ್ಲದೆ ಜಾರಿದರೆ ನಿಲ್ಲುವುದು ಕೆಳಗಿನ ಬಂಡೆಗೆ ಬಡಿದಾಗಲೇ. ಹದ ಇರುವುದು ನಡುವಿನ ಕೆಲವೇ ಗಂಟೆ. ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದನ್ನು ಹಿಂದಿನ ಸಂಜೆಯೇ ನಕ್ಷೆಯಲ್ಲಿ ನೋಡಿಕೊಳ್ಳಿ. ಪೂರ್ವದ ಕಡೆಯದು ಬೇಗ ಮೆತ್ತಗಾಗುತ್ತದೆ, ಉತ್ತರಾರ್ಧಗೋಳದಲ್ಲಿ ಉತ್ತರಕ್ಕೆ ಮುಖ ಮಾಡಿದ್ದು ಹೊತ್ತೇರಿದರೂ ಗಟ್ಟಿಯಾಗಿಯೇ ಇರಬಹುದು.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಪಾಸ್ ಇಳಿದ ಮೇಲೆ ದಾಟಬೇಕಾದ ಹಳ್ಳ. ಹಿಮ ಕರಗಿ ಬರುವ ನೀರು ಮುಂಜಾನೆ ತೀರಾ ಕಡಿಮೆ ಇರುತ್ತದೆ. ದಿನವಿಡೀ ಕರಗಿದ್ದೆಲ್ಲ ಸೇರಿ ಸಂಜೆಗೆ ಉಕ್ಕುತ್ತದೆ. ನೆತ್ತಿಯನ್ನು ಮೂರಕ್ಕೆ ದಾಟಿದರೆ ಐದಕ್ಕೆ, ಸುಸ್ತಾದ ಕಾಲಲ್ಲಿ, ಹಳ್ಳ ತುಂಬಿ ಹರಿಯುವಾಗ ಅಲ್ಲಿ ನಿಂತಿರುತ್ತೀರಿ. ನೀರಿನಡಿ ಕಲ್ಲುಗಳು ಉರುಳುವ ದಡದಡ ಸದ್ದು ಕೇಳಿದರೆ ಕಾಲೇ ಇಡಬೇಡಿ. ಈ ದಡದಲ್ಲೇ, ನೀರಿನಿಂದ ದೂರ, ಸ್ವಲ್ಪ ಎತ್ತರದಲ್ಲಿ ಟೆಂಟ್ ಹಾಕಿ. ಬೆಳಗ್ಗೆ ಎದ್ದು ನೋಡಿದರೆ ಅದೇ ಹಳ್ಳ ಮೊಣಕಾಲಿಗೂ ಬರದಿರಬಹುದು. ದಾಟುವಾಗ ಬ್ಯಾಗಿನ ಸೊಂಟದ ಬಕಲ್ ಬಿಚ್ಚಿರಲಿ. ಬಿದ್ದರೆ ಬ್ಯಾಗ್ ಹೋಗಲಿ, ನೀವು ಏಳಬೇಕು. ಶೂ ನೆನೆಯುತ್ತದೆ ಅಂತ ಬರಿಗಾಲಲ್ಲಿ ಇಳಿಯಲೂ ಬೇಡಿ, ನೆನೆದ ಶೂ ಒಣಗುತ್ತದೆ.

ಸರಿ, ನಿಮಗೆಷ್ಟು ಹೊತ್ತು ಬೇಕು? ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನೇ ಈಗಲೂ ಬಳಸುತ್ತಾರೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಿಮ್ಮ ಟೆಂಟಿನಿಂದ ಪಾಸ್‌ಗೆ 8 ಕಿ.ಮೀ. ದೂರ, 900 ಮೀಟರ್ ಏರಿಕೆ ಅಂದುಕೊಳ್ಳಿ. ಲೆಕ್ಕದ ಪ್ರಕಾರ ಮೂರು ಗಂಟೆ ಚಿಲ್ಲರೆ. ಆದರೆ ನೈಸ್ಮಿತ್ ಲೆಕ್ಕ ಹಾಕಿದ್ದು ತಗ್ಗಿನ ಬೆಟ್ಟಗಳಿಗೆ. 5500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಭಾರ ಹೊತ್ತು ಅಲ್ಲಿಗೆ ಹತ್ತುವಾಗ ನಾನು ಈ ಲೆಕ್ಕವನ್ನು ಎರಡರಿಂದ ಗುಣಿಸುತ್ತೇನೆ. ಅಂದರೆ ಆರು ಗಂಟೆ. ಹನ್ನೊಂದಕ್ಕೆ ನೆತ್ತಿಯಲ್ಲಿರಬೇಕಾದರೆ ಐದಕ್ಕೆ ನಡಿಗೆ ಶುರುವಾಗಿರಬೇಕು. ನನ್ನ ಗುಣಾಕಾರ ನಿಮಗೆ ಸರಿಹೋಗದೆ ಇರಬಹುದು. ಮೊದಲ ಮೂರ್ನಾಲ್ಕು ದಿನ 300 ಮೀಟರ್ ಏರಲು ನಿಮಗೆಷ್ಟು ಹೊತ್ತಾಯಿತು ಅಂತ ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಲೆಕ್ಕ.

ಐದಕ್ಕೆ ಹೊರಡುವುದು ಹೇಗೆ ಅಂತೀರಾ? ಅಲಾರಂ ನಂಬಿದರೆ ಆಗುವುದಿಲ್ಲ. ಕೆಲಸ ಹಿಂದಿನ ಸಂಜೆಯೇ ಮುಗಿದಿರಬೇಕು. ನೀರು ತುಂಬಿ ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಹಾಗಾಗಿ ಬೆಳಗ್ಗೆ ಮುಚ್ಚಳದ ಕಡೆ ನೀರೇ ಇರುತ್ತದೆ. ನೀರಿನ ಫಿಲ್ಟರ್, ಫೋನ್, ಬ್ಯಾಟರಿ ಮೂರೂ ಸ್ಲೀಪಿಂಗ್ ಬ್ಯಾಗಿನೊಳಗೆ. ಒಳಗೆ ನಳಿಕೆಗಳಿರುವ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗೇ ಒಡೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಗ್ಯಾಸ್ ಡಬ್ಬಿಯೂ ಚಳಿಗೆ ಸೋಲುತ್ತದೆ. ಅದರಲ್ಲಿನ ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ನಾನಂತೂ ಪಾಸ್ ದಾಟುವ ಬೆಳಗ್ಗೆ ಒಲೆ ಹಚ್ಚುವುದೇ ಇಲ್ಲ. ರಾತ್ರಿಯೇ ಕಾಯಿಸಿ ಥರ್ಮಾಸ್‌ಗೆ ಹಾಕಿಟ್ಟ ಬಿಸಿನೀರು ಸಾಕು. ಮರಗಟ್ಟಿದ ಬೆರಳಲ್ಲಿ ಲೈಟರ್ ಜೊತೆ ಗುದ್ದಾಡುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ, ಸುಮ್ನೆ ಹೇಳುತ್ತಿಲ್ಲ.

ಹಾಗಾದರೆ ಪಾಸ್‌ನ ಬುಡದಲ್ಲೇ ಟೆಂಟ್ ಹಾಕಿದರೆ ಏಳಕ್ಕೆ ಎದ್ದರೂ ಆಯಿತು ಅಲ್ವಾ? ಒಳ್ಳೆಯ ಉಪಾಯ, ಆದರೆ ಅಷ್ಟು ಎತ್ತರದ ತೆಳು ಗಾಳಿಗೆ ಮೈ ಒಗ್ಗಿರಬೇಕು. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಇರಬೇಕು. ಸಂಜೆ ತಲೆನೋವು, ಜೊತೆಗೆ ವಾಕರಿಕೆ ಬಂದಿದ್ದರೆ ಮರುದಿನ ಮೇಲಕ್ಕಿಲ್ಲ. "ಹೇಗಿದ್ದರೂ ಆ ಕಡೆ ಇಳಿಯುತ್ತೇನಲ್ಲ" ಅನ್ನುವ ಸಮಾಧಾನ ಬಲು ಮೋಸದ್ದು, ಇಳಿಯುವ ಮೊದಲು ಹತ್ತಬೇಕು. ಜೊತೆಗಾರರಿದ್ದರೆ ನೀವು ತೂರಾಡುವುದನ್ನು ಅವರು ನೋಡುತ್ತಾರೆ. ಒಬ್ಬರೇ ಇದ್ದಾಗ ನೀವೇ ನೋಡಿಕೊಳ್ಳಬೇಕು. ನೆಲದ ಮೇಲೆ ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಯಿರಿ. ತಪ್ಪಿದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಕೆಳಗಿಳಿಯಿರಿ.

ಇಷ್ಟೆಲ್ಲ ಮಾಡಿಯೂ ತಡವಾಗಬಹುದು. ಗುಂಪಿನಲ್ಲಿದ್ದರೆ ಯಾರಾದರೂ ಒಬ್ಬರು "ಸಾಕು, ವಾಪಸ್ ಹೋಗೋಣ" ಅನ್ನುತ್ತಾರೆ. ಒಂಟಿ ನಡಿಗೆಯಲ್ಲಿ ಆ ದನಿ ಇಲ್ಲ. ಅದಕ್ಕೇ ವಾಪಸಾಗುವ ಹೊತ್ತನ್ನು ಟೆಂಟಿನಲ್ಲಿ ಕೂತಾಗಲೇ ನಿಗದಿ ಮಾಡಿ, ಅಂಗೈ ಮೇಲೆ ಪೆನ್ನಲ್ಲಿ ಬರೆದುಕೊಳ್ಳಿ. ಪಾಸ್ ಹತ್ತುವಾಗ ಒಂದು ದಿಬ್ಬದ ಹಿಂದೆ ಇನ್ನೊಂದು ಇರುತ್ತದೆ, ಪ್ರತಿಯೊಂದೂ ಇದೇ ಕೊನೆಯದು ಅನ್ನಿಸುತ್ತದೆ. ನಾನು ಒಮ್ಮೆ ಹನ್ನೊಂದು ಅಂತ ಇಟ್ಟುಕೊಂಡಿದ್ದೆ. "ಇನ್ನು ಹತ್ತೇ ನಿಮಿಷ" ಅಂತ ಮೂರು ದಿಬ್ಬಕ್ಕೆ ಮೂರು ಸಲ ಹೇಳಿಕೊಂಡೆ. ನೆತ್ತಿ ಮುಟ್ಟಿದಾಗ ಹನ್ನೆರಡೂ ಮುಕ್ಕಾಲು. ಆ ಕಡೆ ಇಳಿದದ್ದು ಆಲಿಕಲ್ಲಿನ ಹೊಡೆತದಲ್ಲಿ, ಕೂತು, ಜಾರುತ್ತಾ, ದಾರಿ ಯಾವುದೋ ಕಾಣದೆ. ಪೆಟ್ಟೇನೂ ಆಗಲಿಲ್ಲ, ಅದು ಅದೃಷ್ಟವೇ ಹೊರತು ಜಾಣತನ ಅಲ್ಲ.

ವಾಪಸಾಗಲು ಮನಸ್ಸು ಬರುವುದು ಚೀಲದಲ್ಲಿ ಊಟ ಇದ್ದಾಗ. ಮೂರು ಪಾಸ್‌ಗಳ ದಾರಿಗೆ ಎರಡು ದಿನದ ಊಟ ಹೆಚ್ಚಿಗೆ ಇಟ್ಟುಕೊಳ್ಳಿ. ಭಾರ ಅನ್ನಿಸುತ್ತದೆ, ಆದರೂ ಇಟ್ಟುಕೊಳ್ಳಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಯ್ಯುವುದಾದರೆ, ನೀವು ಹೋಗುವ ದೇಶದಲ್ಲಿ ಅದಕ್ಕೆ ಅನುಮತಿ ಬೇಕಾ ಅಂತ ಮೊದಲೇ ತಿಳಿದುಕೊಳ್ಳಿ. ಕೆಲವು ಕಡೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ.

ಇನ್ನೊಂದು ವಿಷಯ. ಹೊರಡುವ ಮುನ್ನ ಮನೆಯವರಿಗೆ ದಾರಿಯನ್ನೂ, "ಇಂಥ ದಿನದವರೆಗೆ ಸುದ್ದಿ ಬಾರದಿದ್ದರೆ ಹುಡುಕಿಸಿ" ಅನ್ನುವ ತಾರೀಖನ್ನೂ ಕೊಟ್ಟಿರುತ್ತೀರಿ. ಹನ್ನೆರಡನೆಯ ದಿನವನ್ನೇ ಹೇಳಿದ್ದರೆ, ಮೂರನೆಯ ಪಾಸ್‌ನ ಬುಡದಲ್ಲಿ ಮೋಡ ಕಟ್ಟಿದಾಗ ನಿಮ್ಮನ್ನು ಮೇಲಕ್ಕೆ ತಳ್ಳುವುದು ಅದೇ ತಾರೀಖು, ಅವರು ಗಾಬರಿಯಾಗುತ್ತಾರಲ್ಲ ಅಂತ. ಹದಿನಾಲ್ಕನೆಯ ದಿನ ಅಂತ ಹೇಳಿ ಹೊರಡಿ.