ಡಾಕ್ಟರು ಎಮ್ಮೆಲ್ಲೆ ಆದರೆ ಕ್ಲಿನಿಕ್ ಬಾಗಿಲು ಹಾಕಬೇಕಾ?

ಪ್ರಶ್ನೆ: ನಮ್ಮ ಕಡೆ ಜನ ನಂಬಿಕೊಂಡಿರುವ ಡಾಕ್ಟರೊಬ್ಬರು ಮುಂದಿನ ಸಲ ಚುನಾವಣೆಗೆ ನಿಲ್ಲುತ್ತಾರಂತೆ. ಗೆದ್ದರೆ ಕಾನೂನಿನ ಪ್ರಕಾರ ಪ್ರಾಕ್ಟೀಸ್ ಬಿಡಬೇಕಾ? ಬಿಡದಿದ್ದರೂ ಒಳ್ಳೇ ಡಾಕ್ಟರು ಊರಿಗೆ ಕೈತಪ್ಪಿದ ಹಾಗೇ ಅಲ್ವಾ?
(ಸೋಮವಾರಪೇಟೆ ಕಡೆಯ ಓದುಗರು)

ಕಾನೂನಿನ ಭಾಗ ಸಣ್ಣದು, ಮೊದಲು ಅದನ್ನು ಮುಗಿಸೋಣ. ಸರ್ಕಾರಿ ಆಸ್ಪತ್ರೆಯ ವೈದ್ಯರಾದರೆ ರಾಜೀನಾಮೆ ಕೊಡದೆ ಚುನಾವಣೆಗೆ ನಿಲ್ಲುವ ಹಾಗಿಲ್ಲ. ಸೇವಾ ನಿಯಮ ಬಿಡುವುದಿಲ್ಲ, ಸರ್ಕಾರದ ಸಂಬಳದ ಹುದ್ದೆಯಲ್ಲಿದ್ದವರು ಶಾಸಕರಾಗುವಂತಿಲ್ಲ ಎನ್ನುವ, ಸಂವಿಧಾನದ 191ನೇ ವಿಧಿಯ ‘ಲಾಭದಾಯಕ ಹುದ್ದೆ’ಯ ತಡೆಯೂ ಇದೆ. ಸ್ವಂತ ಕ್ಲಿನಿಕ್ ಇಟ್ಟವರಿಗೆ ಈ ತಡೆ ಯಾವುದೂ ಇಲ್ಲ. ವೈದ್ಯಕೀಯ ನೋಂದಣಿ ಚಾಲ್ತಿಯಲ್ಲಿದ್ದರೆ ಶಾಸಕರಾಗಿಯೂ ಚೀಟಿ ಬರೆಯಬಹುದು. ವಕೀಲ ಶಾಸಕರು ಕೋರ್ಟಿಗೆ ಹೋಗಬಹುದೇ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹೋಗಬಹುದು ಎಂದು 2018ರಲ್ಲಿ ತೀರ್ಪು ಬಂತು.

ಇನ್ನು ಪ್ರಶ್ನೆಯ ಎರಡನೇ ಅರ್ಧ. ನಿಮಗೆ ನಿಜವಾಗಿ ಕೇಳಬೇಕಾಗಿದ್ದದ್ದು ಅದೇ ಇರಬೇಕು.

ನಿಮ್ಮ ಊರಲ್ಲಿ ಸೋಮವಾರ ಸಂತೆ. ಆ ದಿನ ಮಧ್ಯಾಹ್ನ ಯಾವ ಕ್ಲಿನಿಕ್ಕಿಗೆ ಹೋದರೂ ಬಾಗಿಲ ಪಕ್ಕದ ಬಕೆಟ್ಟಿನಲ್ಲಿ ಕೊಡೆಗಳು ನೀರು ಸುರಿಸುತ್ತಾ ನಿಂತಿರುತ್ತವೆ. ಬೆಂಚಿನ ಮೇಲೆ ಕಾಫಿ ತೋಟದ ಲೈನ್‌ಮನೆಯ ಕೂಲಿ ಹೆಂಗಸರು, ಕಾಲ ಬುಡದಲ್ಲಿ ತರಕಾರಿ ಚೀಲ, ಸೆರಗಿನ ಗಂಟಿನಲ್ಲಿ ಬಟವಾಡೆ ದುಡ್ಡು. ಡಾಕ್ಟರು ಕೆಳರೆಪ್ಪೆ ಎಳೆದು ನೋಡುತ್ತಾರೆ, ಒಳಗೆಲ್ಲ ಬಿಳಿಚಿಕೊಂಡಿದೆ. ‘ರಕ್ತ ಕಮ್ಮಿ ಇದೆಯಮ್ಮಾ, ಸೊಪ್ಪು ತಿನ್ನು, ಈ ಮಾತ್ರೆ ತಗೋ.’ ಮೂರು ತಿಂಗಳು ಬಿಟ್ಟು ಅದೇ ಹೆಂಗಸು, ಅದೇ ಕಣ್ಣು, ಅದೇ ಮಾತ್ರೆ. ಖಾಯಿಲೆಯ ಬೇರು ತನ್ನ ಮೇಜಿನ ಈಚೆ ಇಲ್ಲ ಅನ್ನುವುದು ಡಾಕ್ಟರಿಗೂ ಗೊತ್ತು. ಆ ಬೇರು ಕೂಲಿಯಲ್ಲಿದೆ, ಕುಡಿಯುವ ನೀರಿನಲ್ಲಿದೆ, ಹದಿನಾರಕ್ಕೇ ಮಾಡಿದ ಮದುವೆಯಲ್ಲಿದೆ. ಕೆಲವು ಡಾಕ್ಟರುಗಳಿಗೆ ರಾಜಕೀಯದ ಹುಚ್ಚು ಹಿಡಿಯುವುದು ಇಲ್ಲಿಂದಲೇ. (ಎಲ್ಲರಿಗೂ ಅಲ್ಲ. ಬರೀ ಗೂಟದ ಕಾರಿನ ಆಸೆಗೆ ಬಂದವರೂ ಇದ್ದಾರೆ.)

ಹಾಲಿ ಶಾಸಕರ ಉದಾಹರಣೆ ಕೊಟ್ಟರೆ ಬರಹ ಚುನಾವಣಾ ಭಾಷಣವಾಗುತ್ತದೆ. ಅದಕ್ಕೇ ನೂರು ವರ್ಷ ಹಿಂದಕ್ಕೆ, ಮದ್ರಾಸಿಗೆ ಹೋಗುತ್ತೇನೆ.

ಮುತ್ತುಲಕ್ಷ್ಮಿ ರೆಡ್ಡಿ ಹುಟ್ಟಿದ್ದು 1886ರಲ್ಲಿ, ಪುದುಕೋಟೆ ಸಂಸ್ಥಾನದಲ್ಲಿ. ಅಪ್ಪ ಕಾಲೇಜು ಪ್ರಾಂಶುಪಾಲರು, ಅಮ್ಮ ದೇವದಾಸಿ ಸಮುದಾಯದವರು. ಹುಡುಗಿಯನ್ನು ಗಂಡುಮಕ್ಕಳ ಕಾಲೇಜಿಗೆ ಸೇರಿಸಬೇಕಾದಾಗ ದೊಡ್ಡ ಗಲಾಟೆಯಾಗಿ, ಕೊನೆಗೆ ಅಲ್ಲಿನ ರಾಜನೇ ಮಧ್ಯೆ ಬಂದು ಸೀಟು ಕೊಡಿಸಬೇಕಾಯಿತು. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಪದವಿ ಪಡೆದು, ಅಲ್ಲಿನ ಸರ್ಕಾರಿ ಹೆರಿಗೆ ಆಸ್ಪತ್ರೆಯ ಮೊದಲ ಮಹಿಳಾ ಹೌಸ್ ಸರ್ಜನ್ ಆದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾದರು. ತನ್ನನ್ನು ಸಮಾನಳಾಗಿ ನೋಡಬೇಕು, ತನ್ನ ಇಷ್ಟಕ್ಕೆ ಅಡ್ಡ ಬರಬಾರದು ಎಂಬ ಷರತ್ತು ಮೊದಲೇ ಹಾಕಿದ್ದರು. ಆ ಕಾಲಕ್ಕೆ ಹೆಣ್ಣೊಬ್ಬಳು ಅಷ್ಟು ಬಾಯಿಬಿಟ್ಟು ಹೇಳಿದ್ದೇ ಹೆಚ್ಚು, ಗಂಡು ಒಪ್ಪಿದ್ದು ಇನ್ನೂ ಹೆಚ್ಚು.

ಮದ್ರಾಸ್ ಶಾಸನಸಭೆಗೆ ನಾಮನಿರ್ದೇಶನ ಮಾಡುತ್ತೇವೆ ಎಂದಾಗ ಆಕೆ ಹಿಂಜರಿದರು. ಕಾರಣ ನಿಮ್ಮದೇ ಪ್ರಶ್ನೆ: ವೈದ್ಯಕೀಯ ಕೆಲಸಕ್ಕೆ ಅಡ್ಡಿಯಾದರೆ? ಕೊನೆಗೆ ಒಪ್ಪಿದರು. 1927ರಲ್ಲಿ ಸದನಕ್ಕೆ ಕಾಲಿಟ್ಟು ಉಪಾಧ್ಯಕ್ಷೆಯೂ ಆದರು. ಬ್ರಿಟಿಷ್ ಭಾರತದ ಮೊದಲ ಶಾಸಕಿ ಆಕೆಯೇ. (ಆ ಹೊತ್ತಿಗೆ ನಮ್ಮ ಕೊಡಗಿಗೂ ಪ್ರತ್ಯೇಕ ಶಾಸನಸಭೆ ಇತ್ತು. 1924ರಲ್ಲಿ ಶುರುವಾದದ್ದು, 15 ಜನ ಚುನಾಯಿತರು, 5 ಜನ ನಾಮನಿರ್ದೇಶನಗೊಂಡವರು.)

ಸದನದಲ್ಲಿ ಆಕೆ ಮೊದಲು ಎತ್ತಿದ ವಿಷಯಗಳನ್ನು ನೋಡಿದರೆ ಡಾಕ್ಟರು ಬಂದಿದ್ದಾರೆ ಅನ್ನುವುದು ತಕ್ಷಣ ತಿಳಿಯುತ್ತದೆ. ಹೆಂಗಸರು ಮಕ್ಕಳಿಗೇ ಬೇರೆ ಆಸ್ಪತ್ರೆ ಬೇಕು ಎಂದರು. ಶಾಲಾ ಮಕ್ಕಳನ್ನು ಕ್ರಮವಾಗಿ ವೈದ್ಯರು ಪರೀಕ್ಷಿಸಬೇಕು ಎಂದರು. ಈಗ ನಮ್ಮ ಶಾಲೆಗಳಿಗೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜೀಪು ಬಂದು ಮಕ್ಕಳ ಹಲ್ಲು, ಕಣ್ಣು, ಹೃದಯ ನೋಡಿ ಹೋಗುತ್ತದಲ್ಲ, ಅದು ಶುರುವಾದದ್ದು 2013ರಲ್ಲಿ. ಆಕೆ ಸುಮಾರು 85 ವರ್ಷ ಮೊದಲೇ ಕೇಳಿದ್ದರು.

ಆಕೆಯ ದೊಡ್ಡ ಹೋರಾಟ ದೇವದಾಸಿ ಪದ್ಧತಿಯದು. ಮೈಸೂರು ಸರ್ಕಾರ ತನ್ನ ಮುಜರಾಯಿ ದೇವಸ್ಥಾನಗಳಲ್ಲಿ ಆ ಸೇವೆಯನ್ನು ಆಗಲೇ ನಿಲ್ಲಿಸಿತ್ತು. ಮದ್ರಾಸಿನಲ್ಲಿ ಮಾತ್ರ ‘ಇದು ಧರ್ಮ, ಇದು ಕಲೆ’ ಎಂದು ವಿರೋಧ ಎದ್ದಿತು. ಆಕೆ ಗಂಟನ್ನು ಬಿಚ್ಚಿದ್ದು ಜಮೀನಿನ ಕಡೆಯಿಂದ. ದೇವಸ್ಥಾನದ ಇನಾಂ ಭೂಮಿ ಉಳಿಯಬೇಕಾದರೆ ಮನೆಯ ಒಬ್ಬ ಹೆಣ್ಣು ಸೇವೆಗೆ ಹೋಗಲೇಬೇಕಿತ್ತು. ಸೇವೆ ಇಲ್ಲದಿದ್ದರೂ ಜಮೀನು ಆ ಕುಟುಂಬಕ್ಕೇ ಉಳಿಯಲಿ ಎಂಬ ತಿದ್ದುಪಡಿಯನ್ನು 1929ರಲ್ಲಿ ಪಾಸು ಮಾಡಿಸಿದರು. ಹಿಂದೆ ರಾಜರ ಸೇವೆಗೆ ಪ್ರತಿಯಾಗಿ ಮನೆತನಗಳಿಗೆ ಸಿಕ್ಕಿದ ಜಮ್ಮಾ ಭೂಮಿಯ ಊರಿನಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭೂಮಿಗೆ ಕಟ್ಟಿದ ಸೇವೆ ಬರೀ ಉಪದೇಶದಿಂದ ಬಿಡುವುದಿಲ್ಲ. ಆಕೆ ಇದನ್ನೆಲ್ಲ ಮಾಡಿದ್ದು ಖಾಸಗಿ ಸದಸ್ಯೆಯಾಗಿ, ಅಂದರೆ ಮಂತ್ರಿಯಾಗಿರದೆ. ನಮ್ಮ ಸಂಸತ್ತಿನಲ್ಲಿ ಇವತ್ತಿಗೂ ಪಾಸಾಗಿರುವ ಖಾಸಗಿ ಮಸೂದೆಗಳು 14, 1970ರ ನಂತರ ಒಂದೂ ಇಲ್ಲ.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನೇ ನಿಷೇಧಿಸುವ ಮಸೂದೆ ಮಾತ್ರ ಕೈಗೆ ಹತ್ತಲಿಲ್ಲ. 1930ರಲ್ಲಿ ಗಾಂಧೀಜಿಯ ಬಂಧನವನ್ನು ಪ್ರತಿಭಟಿಸಿ ಆಕೆ ರಾಜೀನಾಮೆ ಕೊಟ್ಟರು. ಕಾಯ್ದೆ ಬಂದದ್ದು 1947ರಲ್ಲಿ. ಅಷ್ಟರಲ್ಲಿ ಆ ಪದ್ಧತಿಯಿಂದ ತಪ್ಪಿಸಿಕೊಂಡು ಬಂದ ಹುಡುಗಿಯರನ್ನು ಹಾಸ್ಟೆಲ್ಲಿನವರು ಸೇರಿಸಿಕೊಳ್ಳದಿದ್ದಾಗ ಆಕೆ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವ್ವೈ ಹೋಂ ಹುಟ್ಟಿದ್ದು ಹಾಗೆ.

ಹಾಗಾದರೆ ಡಾಕ್ಟರು ಕೈತಪ್ಪಿ ಹೋದರೇ? ಆಕೆಯ ತಂಗಿ ಕ್ಯಾನ್ಸರಿನಲ್ಲಿ ಕಣ್ಣೆದುರೇ ತೀರಿಕೊಂಡಿದ್ದರು. ಕೈಯಲ್ಲಿ ಪದವಿ ಇದ್ದರೂ ಏನೂ ಮಾಡಲಾಗದ ಆ ಸಂಕಟ ಹೋಗಲೇ ಇಲ್ಲ. 1954ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ 12 ಹಾಸಿಗೆಯ ಕ್ಯಾನ್ಸರ್ ಆಸ್ಪತ್ರೆ ತೆರೆದಾಗ ಆಕೆಗೆ 68ರ ಆಸುಪಾಸು. ಸರ್ಕಾರದ ಬಾಗಿಲು ಬಡಿಯುವುದು, ದುಡ್ಡು ಎತ್ತುವುದು, ಫೈಲು ಎಲ್ಲಿ ನಿಂತಿದೆ ಎಂದು ಹುಡುಕುವುದು, ಇದನ್ನೆಲ್ಲ ಸಾರ್ವಜನಿಕ ಜೀವನ ಕಲಿಸಿತ್ತು ಅಂತ ನನಗನ್ನಿಸುತ್ತದೆ. ನಮ್ಮವರು ಬಸ್ಸು ಹತ್ತಿ ಹೋಗುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1973ರಲ್ಲಿ, ಅಡ್ಯಾರಿಗಿಂತ 19 ವರ್ಷ ಆಮೇಲೆ.

ಇಲ್ಲಿ ಯಾರಾದರೂ ಬಿ.ಸಿ. ರಾಯ್ ಹೆಸರು ಎತ್ತುತ್ತಾರೆ. 1948ರಿಂದ 1962ರಲ್ಲಿ ತೀರಿಕೊಳ್ಳುವ ತನಕ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ, ಆದರೂ ಬೆಳಗ್ಗೆ ಮನೆಯಲ್ಲಿ ಪುಕ್ಕಟೆ ರೋಗಿಗಳನ್ನು ನೋಡುತ್ತಿದ್ದರು. ಮುಖ್ಯಮಂತ್ರಿಗೇ ಆಗುವುದಾದರೆ ಎಮ್ಮೆಲ್ಲೆಗೆ ಏನು ಕಷ್ಟ ಎಂದು ಕೇಳಬಹುದು. ಆದರೆ ಅವರ ಮನೆಯೂ ಕಲ್ಕತ್ತ, ವಿಧಾನಸಭೆಯೂ ಕಲ್ಕತ್ತ. ಮಡಿಕೇರಿಯಿಂದ ವಿಧಾನಸೌಧ 250 ಕಿಲೋಮೀಟರ್ ಮೇಲೆ, ರೈಲಂತೂ ಇಲ್ಲ. ಬೆಳಗಾವಿ ಅಧಿವೇಶನ ಬರುವುದು ಸರಿಯಾಗಿ ಅರೇಬಿಕಾ ಕಾಫಿ ಕೊಯ್ಲಿನ ಹೊತ್ತಿಗೆ, ಮರದಿಂದ ಜಾರಿದವರು, ಕತ್ತಿ ತಾಗಿಸಿಕೊಂಡವರು ಕ್ಲಿನಿಕ್ಕಿಗೆ ಬರುವ ಕಾಲಕ್ಕೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಿಂದ 56ರ ತನಕ, ಮಡಿಕೇರಿಯಲ್ಲೇ 24 ಜನರ ವಿಧಾನಸಭೆ ಇತ್ತು. ಆಗಿನ ಲೆಕ್ಕವೇ ಬೇರೆ. ಈಗ 224ರಲ್ಲಿ ನಮ್ಮವು ಎರಡೇ.

ಅದಕ್ಕೇ ನನ್ನ ಉತ್ತರ: ದಿನಾ ಸಿಗುವ ಡಾಕ್ಟರನ್ನು ನೀವು ಕಳೆದುಕೊಳ್ಳುತ್ತೀರಿ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಬದಲಿಗೆ ಏನು ಸಿಗುತ್ತದೆ ಅನ್ನುವುದು ಅವರ ಮೇಲಿದೆ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಶಾಸಕರೇ ಅಧ್ಯಕ್ಷರು. ಸ್ಕ್ಯಾನಿಂಗ್ ಮಿಷನ್ ಬಂದು ಆಪರೇಟರ್ ಇಲ್ಲದೆ ಬಟ್ಟೆ ಹೊದ್ದು ಮಲಗಿದ್ದರೆ, ಅದರ ಅರ್ಥ ಏನು ಅನ್ನುವುದು ಆ ಕುರ್ಚಿಯಲ್ಲಿ ಕೂತ ಡಾಕ್ಟರಿಗೆ ಯಾರೂ ವಿವರಿಸಬೇಕಿಲ್ಲ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. ಆದರೂ ಗಂಭೀರ ಕೇಸು ಬಂದರೆ ಆಂಬುಲೆನ್ಸ್ ಮೈಸೂರಿಗೋ ಮಂಗಳೂರಿಗೋ ಓಡುವುದು ಯಾಕೆ ಎಂದು ಸದನದಲ್ಲಿ ಬಿಡಿಸಿ ಕೇಳಬಲ್ಲವರು ಬೇಕು.

ನಿಮ್ಮ ಡಾಕ್ಟರು ಓಟು ಕೇಳಲು ಮನೆಗೆ ಬಂದಾಗ ಒಂದು ಲೋಟ ಕಾಫಿ ಕೊಟ್ಟು ಕೂರಿಸಿ. ಆಮೇಲೆ ಕೇಳಿ: ‘ಸಾರ್, ಇನ್ನು ಮುಂದೆ ಸಂತೆ ದಿನ ಕ್ಲಿನಿಕ್ಕಿನಲ್ಲಿ ಯಾರು ಕೂರುತ್ತಾರೆ?’