ಗಂಟು ಸಿಕ್ಕ ಮೇಲೆ ಮಾಡಿಸುವುದು ಸ್ಕ್ರೀನಿಂಗ್ ಅಲ್ಲ

ಸ್ತನ ಕ್ಯಾನ್ಸರ್ ಹುಡುಕಲು ತೆಗೆಯುವ ಸ್ತನದ ಎಕ್ಸ್-ರೇ, ಅಂದರೆ ಮ್ಯಾಮೊಗ್ರಾಂ ಎಂಬ ಹೆಸರು ಈಗ ಬಹಳಷ್ಟು ಹೆಂಗಸರಿಗೆ ಗೊತ್ತು. ಆದರೆ ಯಾವಾಗ ಮಾಡಿಸುತ್ತೀರಿ ಎಂದು ಕೇಳಿದರೆ, "ಏನಾದರೂ ತೊಂದರೆ ಕಂಡರೆ ನೋಡೋಣ ಅಂತ" ಎನ್ನುವವರೇ ಹೆಚ್ಚು. ಎಡವುವುದು ಇಲ್ಲೇ. ಸ್ಕ್ರೀನಿಂಗ್, ಅಂದರೆ ಮುಂಜಾಗ್ರತೆಯ ತಪಾಸಣೆ, ಇರುವುದು ಏನೂ ತೊಂದರೆ ಇಲ್ಲದವರಿಗಾಗಿ. ಕೈಗೆ ಗಂಟು ಸಿಕ್ಕಮೇಲೆ ಬೇಕಾಗುವುದು ರೋಗಪತ್ತೆ; ಅದರ ದಾರಿಯೇ ಬೇರೆ.

ಸಾಧಾರಣ ಅಪಾಯವಿರುವ ಮಹಿಳೆಯರು 40ರಿಂದ 74 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಮಾಡಿಸಬೇಕೆಂದು ಅಮೆರಿಕದ ತಜ್ಞರ ಕಾರ್ಯಪಡೆ 2024ರಲ್ಲಿ ಸಲಹೆ ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ ಹೆಚ್ಚು ಒತ್ತು ಕೊಡುವುದು 50ರಿಂದ 69ರ ವಯಸ್ಸಿಗೆ. ತಾಯಿಗೋ ಅಕ್ಕತಂಗಿಯರಿಗೋ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬಂದಿದ್ದರೆ ಇನ್ನೂ ಮುಂಚೆ ಶುರುಮಾಡಬೇಕಾಗಬಹುದು. ಅದನ್ನು ವೈದ್ಯರ ಜೊತೆ ಮಾತಾಡಿ ನಿರ್ಧರಿಸಿ. ಹಾಗೆಂದು "ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ" ಎಂದು ನಿಶ್ಚಿಂತರಾಗಿ ಇರುವಂತಿಲ್ಲ. ಆನುವಂಶಿಕ ದೋಷದಿಂದ ಬರುವ ಸ್ತನ ಕ್ಯಾನ್ಸರ್ ನೂರಕ್ಕೆ 5ರಿಂದ 10 ಮಾತ್ರ.

ಮುಟ್ಟಿಗೆ ಮುಂಚಿನ ವಾರ ಸ್ತನ ಬಿಗಿದು ನೋಯುತ್ತಿರುತ್ತದೆ. ಹಾಗಾಗಿ ಮುಟ್ಟು ನಿಂತ ನಂತರದ ವಾರದಲ್ಲಿ ಮ್ಯಾಮೊಗ್ರಾಂಗೆ ದಿನ ಗೊತ್ತುಮಾಡಿಕೊಳ್ಳಿ. ಅಂದು ಕಂಕುಳಿಗೆ ಪೌಡರ್, ಡಿಯೋಡರೆಂಟ್ ಬೇಡ. ಅದರ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಮೂಡಿ, ಆರಂಭದ ಕ್ಯಾನ್ಸರಿನಲ್ಲಿ ಕಾಣುವ ಕ್ಯಾಲ್ಸಿಯಂ ಚುಕ್ಕೆಗಳೆಂಬ ಅನುಮಾನ ಹುಟ್ಟಿಸುತ್ತವೆ. ಪ್ರತಿ ಸ್ತನಕ್ಕೆ ಎರಡು ಚಿತ್ರ: ಒಂದು ಮೇಲಿನಿಂದ, ಇನ್ನೊಂದು ಓರೆಯಾಗಿ. ಯಂತ್ರ ಒತ್ತುವುದು ಕೆಲವೇ ಸೆಕೆಂಡು. ನೋವಾಗುತ್ತದೆ, ನಿಜ. ಆದರೆ ಸರಿಯಾಗಿ ಒತ್ತದಿದ್ದರೆ ಅಂಗಾಂಶ ಒಂದರ ಮೇಲೊಂದು ಕೂತು ಸಣ್ಣ ಗಂಟು ಮರೆಯಾಗುತ್ತದೆ, ವಿಕಿರಣವೂ ಹೆಚ್ಚು ಬೇಕಾಗುತ್ತದೆ. ಹಿಂದಿನ ಸಲದ ಚಿತ್ರಗಳಿದ್ದರೆ ಮರೆಯದೆ ಒಯ್ಯಿರಿ; ವರದಿ ಬರೆಯುವವರು ಮೊದಲು ಹುಡುಕುವುದು ಏನು ಬದಲಾಗಿದೆ ಎಂಬುದನ್ನೇ.

ವರದಿಯ ಕೊನೆಯಲ್ಲಿ ಬೈ-ರಾಡ್ಸ್ ಎಂಬ ಅಂಕಿ ಇರುತ್ತದೆ. 1 ಮತ್ತು 2 ಇದ್ದರೆ ಹೆದರಬೇಕಿಲ್ಲ. 3 ಬಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ. ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. ಅನೇಕರು ಆ ಎರಡನೇ ಭೇಟಿಯನ್ನೇ ಬಿಟ್ಟುಬಿಡುತ್ತಾರೆ, ಅದು ದೊಡ್ಡ ತಪ್ಪು. 4 ಮತ್ತು 5ಕ್ಕೆ ಬಯಾಪ್ಸಿ, ಅಂದರೆ ಅಂಗಾಂಶದ ಚೂರು ತೆಗೆದು ಪರೀಕ್ಷಿಸುವುದು, ಬೇಕು. ಜನ ಹೆಚ್ಚಾಗಿ ತಪ್ಪು ತಿಳಿಯುವುದು 0ಯನ್ನು. ಅದರ ಅರ್ಥ ಚಿತ್ರ ಸಾಲದು, ಇನ್ನೊಂದು ಕೋನದಿಂದಲೋ ಅಲ್ಟ್ರಾಸೌಂಡ್‌ನಲ್ಲೋ ನೋಡಬೇಕು ಎಂದು. ಸೊನ್ನೆ ಬಂತು, ಏನೂ ಇಲ್ಲ ಎಂದು ವರದಿಯನ್ನು ಬೀರುವಿನಲ್ಲಿ ಇಟ್ಟುಬಿಡಬೇಡಿ.

ತನ್ನ ಸ್ತನವನ್ನು ತಾನೇ ಮುಟ್ಟಿ ನೋಡಿಕೊಳ್ಳುವ ಸ್ವಯಂಪರೀಕ್ಷೆಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಶಾಂಘೈನ 2.6 ಲಕ್ಷಕ್ಕೂ ಹೆಚ್ಚು ಮಹಿಳಾ ಕಾರ್ಮಿಕರಲ್ಲಿ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಸ್ವಯಂಪರೀಕ್ಷೆ ಕಲಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ಅಪಾಯವಿಲ್ಲದ ಗಂಟುಗಳಿಗೆ ಬಯಾಪ್ಸಿ ಹೆಚ್ಚಾಯಿತು. ಮುಂಬೈಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದಾಗ ಮಾತ್ರ, 50 ದಾಟಿದವರಲ್ಲಿ ಸಾವು ಸುಮಾರು 30 ಪ್ರತಿಶತ ತಗ್ಗಿತು. ಮ್ಯಾಮೊಗ್ರಾಂ ಕೈಗೆಟುಕದ ಕಡೆ ಇದು ಸಣ್ಣ ಮಾತಲ್ಲ. ಹಾಗಾಗಿ ಸ್ವಯಂಪರೀಕ್ಷೆಯನ್ನು ತಪಾಸಣೆಗೆ ಬದಲಿಯೆಂದು ತಿಳಿಯಬೇಡಿ. ತನ್ನ ಮೈ ತನಗೆ ಗೊತ್ತಿರಲಿ ಎಂಬ ಕಾರಣಕ್ಕೆ ಮಾಡಿ.

ಮಾಡುವುದಾದರೆ ಬೆರಳ ತುದಿಯಿಂದ ಚಿವುಟಿ ನೋಡಬಾರದು. ಹಾಗೆ ಹಿಡಿದರೆ ಸಹಜ ಗ್ರಂಥಿಯೂ ಗಂಟಿನಂತೆಯೇ ಸಿಗುತ್ತದೆ. ಮಲಗಿ, ಆ ಬದಿಯ ಕೈಯನ್ನು ತಲೆಯ ಕೆಳಗಿಟ್ಟು, ಇನ್ನೊಂದು ಕೈಯ ನಡುವಿನ ಮೂರು ಬೆರಳುಗಳ ಒಳಮೈಯಿಂದ ಕಾಸಿನಗಲ ಸುತ್ತು ಹಾಕುತ್ತಾ, ಒಂದೇ ಜಾಗದಲ್ಲಿ ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಬಿಗಿಯಾಗಿ, ಕೊನೆಗೆ ಪಕ್ಕೆಲುಬು ತಾಗುವಷ್ಟು ಒತ್ತಿ. ಕತ್ತಿನ ಬುಡದ ಮೂಳೆಯಿಂದ ಸ್ತನದ ಕೆಳಗಿನ ಮಡಿಕೆಯವರೆಗೆ, ಎದೆಯ ನಡುಮೂಳೆಯಿಂದ ಕಂಕುಳಿನವರೆಗೆ ಮೇಲೆ ಕೆಳಗೆ ಸಾಲುಸಾಲಾಗಿ ಸಾಗಬೇಕು. ಕಂಕುಳಿನ ಕಡೆಯ ಮೇಲ್ಭಾಗವನ್ನು ನಿಧಾನವಾಗಿ ನೋಡಿ, ಹೆಚ್ಚಿನ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಅಲ್ಲೇ.

ಬಹುಪಾಲು ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ, ಆರಂಭದ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದಿಲ್ಲ. ಹೊಸ ಗಂಟು, ಚರ್ಮ ಕುಳಿಬಿದ್ದಿರುವುದು, ಒಳಸೇರಿದ ತೊಟ್ಟು, ಒಂದೇ ತೊಟ್ಟಿನಿಂದ ರಕ್ತ, ವಾಸಿಯಾಗದ ತೊಟ್ಟಿನ ಹುಣ್ಣು, ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ಸ್ಕ್ರೀನಿಂಗ್‌ವರೆಗೆ ಕಾಯಬೇಡಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಬಯಾಪ್ಸಿ ಮುಂದೂಡುವುದೂ ಬೇಡ, ಆ ಭಯಕ್ಕೆ ಆಧಾರವಿಲ್ಲ. ಕೊಬ್ಬಿಗಿಂತ ಗ್ರಂಥಿಯ ಅಂಗಾಂಶವೇ ಹೆಚ್ಚಿರುವ ದಟ್ಟ ಸ್ತನದಲ್ಲಿ ಕ್ಯಾನ್ಸರ್ ಗಂಟು ಮ್ಯಾಮೊಗ್ರಾಂ ಕಣ್ಣಿಗೆ ಬೀಳದೆ ಹೋಗಬಹುದು. ಮ್ಯಾಮೊಗ್ರಾಂ ಸರಿಯಿದೆ ಎಂದು ಬಂದರೂ ಗಂಟು ಕೈಗೆ ಸಿಗುತ್ತಲೇ ಇದ್ದರೆ, "ಅಲ್ಟ್ರಾಸೌಂಡ್ ಮಾಡಿ, ಬೇಕಿದ್ದರೆ ಬಯಾಪ್ಸಿಯನ್ನೂ ಮಾಡಿ" ಎಂದು ಬಾಯಿಬಿಟ್ಟು ಕೇಳಿ.