ವರ್ಷದ ಖರ್ಚು ಪೂರಾ ಕಟ್ಟೀವಿ, ಮಗಳ ಕೈಯಾಗ ರೊಕ್ಕ ಯಾಕಿಲ್ಲ?

ಪ್ರಶ್ನೆ: ಮೇಡಂ ಅವರ, ನಮ್ಮ ಮಗಳು ಮಾಸ್ಟರ್ಸ್ ಓದಾಕ ಜರ್ಮನಿಯ ಮಾಗ್ಡೆಬುರ್ಗ್ ಊರಿಗೆ ಹೋಗಿ ಹದಿನೆಂಟು ದಿನ ಆತು. ವೀಸಾಕ್ಕಂತ ಬ್ಲಾಕ್ಡ್ ಅಕೌಂಟಿಗೆ ಒಂದು ವರ್ಷದ ಖರ್ಚು ಮೊದಲ ಕಟ್ಟೀವಿ. ಆದರೂ ಆಕಿ ಫೋನ್ ಮಾಡಿದಾಗೊಮ್ಮೆ ಕೈಯಾಗ ರೊಕ್ಕ ಇಲ್ಲ, ಬ್ಯಾಂಕಿನ ಕಾರ್ಡ್ ಬಂದಿಲ್ಲ ಅಂತಾಳ. ನಿನ್ನೆ ಅತ್ತಳು. ನಮ್ಮ ರೊಕ್ಕ ಎಲ್ಲಿಗೆ ಹೋತು? ಆಕಿನ್ನ ವಾಪಸ್ ಕರಸ್ಕೋಬೇಕೇನು?
– ಒಬ್ಬ ತಾಯಿ, ವಿಜಯಪುರ

ಉತ್ತರ: ಅಕ್ಕಾರ, ನಿಮ್ಮ ರೊಕ್ಕ ಎಲ್ಲಿಗೂ ಹೋಗಿಲ್ಲ. ಮಗಳನ್ನು ವಾಪಸ್ ಕರೆಸಿಕೊಳ್ಳುವಂಥದ್ದು ಏನೂ ಆಗಿಲ್ಲ. ನಾನು ಬಾಗಲಕೋಟೆಯ ವಿದ್ಯಾಗಿರಿಯಿಂದ ಅದೇ ಊರಿಗೆ ಓದಲು ಹೋಗಿದ್ದೆ. ನಿಮ್ಮ ಮಗಳು ಈಗ ಯಾವ ಮೆಟ್ಟಿಲ ಮೇಲೆ ನಿಂತಿದ್ದಾಳೆ ಅನ್ನುವುದು ನಿಮ್ಮ ಪತ್ರ ಓದುತ್ತಲೇ ತಿಳಿಯಿತು.

ಬ್ಲಾಕ್ಡ್ ಅಕೌಂಟ್ ಅಂದರೆ ಮಗಳ ಕೈಖರ್ಚಿನ ಖಾತೆಯಲ್ಲ. ಓದಲು ಬಂದವರು ಒಂದು ವರ್ಷ ತಮ್ಮ ಹೊಟ್ಟೆ ತಾವು ಹೊರೆದುಕೊಳ್ಳಬಲ್ಲರು ಎಂದು ಜರ್ಮನ್ ಸರಕಾರಕ್ಕೆ ತೋರಿಸುವ ಹಣ ಅದು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯುರೋ. ಅದನ್ನು ಹನ್ನೆರಡು ಭಾಗ ಮಾಡಿ ತಿಂಗಳಿಗೆ 992 ಯುರೋದಂತೆ ಬಿಡುತ್ತಾರೆ. ಆ ಮೊದಲ ಕಂತು ಬೀಳಲು ಮಗಳ ಹೆಸರಿನಲ್ಲಿ ಅಲ್ಲಿನದೊಂದು ಸಾದಾ ಬ್ಯಾಂಕ್ ಖಾತೆ ಬೇಕು. ನಿಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಆಲಮಟ್ಟಿಯಲ್ಲಿ ನೀರು ತುಂಬಿ ನಿಂತಿದೆ, ಕಾಲುವೆಗೆ ಇನ್ನೂ ಬಿಟ್ಟಿಲ್ಲ.

ಖಾತೆ ತೆಗೆಯುವುದು ಒಂದು ದಿನದ ಕೆಲಸ ಅಲ್ಲವೇ ಎಂದು ನೀವು ಕೇಳಬಹುದು. ತೊಡಕು ಇರುವುದೇ ಅಲ್ಲಿ. ಬಹಳಷ್ಟು ಬ್ಯಾಂಕುಗಳು ವಿಳಾಸ ನೋಂದಣಿಯ ಪತ್ರ ಕೇಳುತ್ತವೆ. ಜರ್ಮನಿಯಲ್ಲಿ ಯಾರೇ ಆಗಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ತನ್ನ ವಿಳಾಸ ಬರೆಸಬೇಕು, ಇದು ಕಾನೂನು. ಹುಡುಗರು ಇದನ್ನು ಜರ್ಮನ್ ಹೆಸರಿನಿಂದಲೇ ‘ಆನ್‌ಮೆಲ್ಡುಂಗ್’ ಅನ್ನುತ್ತಾರೆ, ನೀವೂ ಆ ಶಬ್ದ ನೆನಪಿಟ್ಟುಕೊಳ್ಳಿ. ಅದಕ್ಕೆ ‘ಈ ಹುಡುಗಿ ನನ್ನ ಮನೆಯಲ್ಲಿದ್ದಾಳೆ’ ಎಂದು ಮನೆ ಮಾಲೀಕರು ಸಹಿ ಹಾಕಿದ ಕಾಗದ ಬೇಕು. ಕಚೇರಿಗೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೊಸ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಬರುವುದರಿಂದ ಆ ಸಮಯ ಸಿಗುವುದೇ ಕಷ್ಟ. ಮನೆ ಸಿಕ್ಕರೆ ಸಹಿ, ಸಹಿ ಇದ್ದರೆ ನೋಂದಣಿ, ನೋಂದಣಿಯಿಂದ ಬ್ಯಾಂಕು, ಬ್ಯಾಂಕಿನಿಂದ ನಿಮ್ಮ 992 ಯುರೋ. ಹಗ್ಗದ ಒಂದು ಎಳೆ ಸಿಕ್ಕಿಕೊಂಡರೆ ಎಲ್ಲವೂ ನಿಲ್ಲುತ್ತದೆ.

ಹುಡುಗರು ಹೆಚ್ಚು ಸಿಕ್ಕಿಬೀಳುವುದು ಮೊದಲ ಎಳೆಯಲ್ಲೇ. ಯುನಿವರ್ಸಿಟಿಯ ಹಾಸ್ಟೆಲ್ ರೂಮು ಸಿಗದಿದ್ದರೆ ಒಂದು ತಿಂಗಳ ಮಟ್ಟಿಗೆ ಯಾರದೋ ಕೋಣೆಯಲ್ಲಿ ಇಳಿಯುತ್ತಾರೆ. ಆ ಕೋಣೆ ಕೊಟ್ಟವರು ಎಷ್ಟೋ ಸಲ ಸಹಿಯ ಕಾಗದ ಕೊಡುವುದಿಲ್ಲ. ಆದ್ದರಿಂದ ಮುಂದಿನ ವರ್ಷ ಮಕ್ಕಳನ್ನು ಕಳಿಸುವವರು ಕೋಣೆ ಹಿಡಿಯುವ ಮೊದಲು ಬಾಡಿಗೆ ಎಷ್ಟು ಎಂಬುದಕ್ಕಿಂತ ಮುಂಚೆ ‘ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದೇ’ ಎಂದು ಕೇಳಿಸಬೇಕು. ಫೋಟೋ ತೋರಿಸಿ ‘ಮುಂಗಡ ಹಾಕು, ಕೀಲಿ ಅಂಚೆಯಲ್ಲಿ ಕಳಿಸುತ್ತೇನೆ’ ಅನ್ನುವವರಿಗೆ ಒಂದು ಯುರೋ ಕೂಡ ಕಳಿಸಬಾರದು. ಠೇವಣಿಯಾಗಿ ಮಾಲೀಕರು ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ.

ಇನ್ನು ಕಾರ್ಡ್ ಬಂದಿಲ್ಲ ಅನ್ನುವ ಮಾತು. ಇದನ್ನು ಓದಿ ನನಗೆ ನನ್ನ ಮೊದಲ ತಿಂಗಳು ಕಣ್ಣಮುಂದೆ ಬಂತು. ಅಲ್ಲಿ ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಪಿನ್ ನಂಬರು ಇನ್ನೊಂದು ಲಕೋಟೆಯಲ್ಲಿ ಅಂಚೆಯ ಮೂಲಕ ಬರುತ್ತವೆ. ನಮ್ಮೂರಿನಂತೆ ಪೋಸ್ಟ್‌ಮನ್ ‘ಇಂಥವರ ಮನಿ ಯಾವುದ್ರಿ’ ಎಂದು ಓಣಿಯಲ್ಲಿ ಕೇಳಿ ಕೊಡುವುದಿಲ್ಲ. ವಿಳಾಸದಲ್ಲಿ ಮನೆಯ ನಂಬರು ಸರಿಯಿದ್ದರೂ ಕೆಳಗಿನ ಅಂಚೆಡಬ್ಬಿಯ ಮೇಲೆ ಆ ಹೆಸರು ಇಲ್ಲದಿದ್ದರೆ ಪತ್ರ ಬಂದ ದಾರಿಗೆ ಹೋಗುತ್ತದೆ. ಡಬ್ಬಿಯ ಮೇಲೆ ಮೊದಲಿದ್ದವರ ಹೆಸರೇ ಇತ್ತು, ಅದನ್ನು ಬದಲಿಸಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಕಾರ್ಡು ವಾಪಸಾಯಿತು, ಮತ್ತೆ ಕಳಿಸಲು ಹೇಳಿ, ಮತ್ತೆ ಕಾದು, ಮೂರು ವಾರ ಹೋದವು. ಆ ದಿನಗಳಲ್ಲಿ ಪಕ್ಕದ ಕೋಣೆಯ ಗುಂಟೂರಿನ ಹುಡುಗಿ ತನ್ನ ಅಕ್ಕಿಯಲ್ಲಿ ನನಗೂ ಒಂದು ಮುಷ್ಟಿ ಹಾಕುತ್ತಿದ್ದಳು. ಆ ಋಣ ನನ್ನ ಮೇಲೆ ಇಂದಿಗೂ ಇದೆ.

ಕಂತು ಬೀಳುವವರೆಗೆ ಆಕೆ ಏನು ಮಾಡಬೇಕು? ಆಕೆಯ ಹತ್ತಿರ ಇಲ್ಲಿಂದ ಒಯ್ದ ಫಾರೆಕ್ಸ್ ಕಾರ್ಡ್ (ವಿದೇಶದಲ್ಲಿ ಬಳಸಲು ಮೊದಲೇ ಹಣ ತುಂಬಿಸಿಕೊಳ್ಳುವ ಕಾರ್ಡ್) ಇದ್ದರೆ ಅದನ್ನು ಕೊಟ್ಟ ಬ್ಯಾಂಕಿಗೆ ಹೋಗಿ ನೀವು ವಿಜಯಪುರದಲ್ಲೇ ಕೂತು ಅದರಲ್ಲಿ ಹಣ ತುಂಬಬಹುದು. ಬಾಡಿಗೆ, ಠೇವಣಿ, ವಿದ್ಯಾರ್ಥಿಗಳ ಆರೋಗ್ಯ ವಿಮೆ, ಇವು ಮೊದಲ ತಿಂಗಳಲ್ಲೇ ಒಟ್ಟಿಗೆ ಮೇಲೆ ಬೀಳುತ್ತವೆ, ಹಾಗಾಗಿ 992ರ ಲೆಕ್ಕ ಆ ತಿಂಗಳಿಗೆ ಸಾಲುವುದಿಲ್ಲ. ಹೊರಡುವವರು ಬ್ಲಾಕ್ಡ್ ಅಕೌಂಟ್ ಬಿಟ್ಟು ಒಂದೂವರೆ, ಎರಡು ತಿಂಗಳ ಖರ್ಚು ಬೇರೆಯಾಗಿ ಕೈಯಲ್ಲಿ ಇಟ್ಟುಕೊಳ್ಳಲಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಇದಕ್ಕೇ. ಅಲ್ಲಿ ಇಳಿದ ವಾರದಲ್ಲೇ ಪಾರ್ಟ್‌ಟೈಮ್ ಕೆಲಸ ಹಿಡಿದು ಸಾಲದ ಕಂತಿಗೆ ಕಳಿಸುತ್ತಾಳೆ ಎಂಬ ಆಸೆಯನ್ನು ಮನೆಯವರು ಈಗಲೇ ಬಿಡಬೇಕು. ಕೆಲಸಕ್ಕೆ ಬೇಕಾಗುವ ತೆರಿಗೆ ನಂಬರು ಕೂಡ ಆ ನೋಂದಣಿಯ ಬಳಿಕ, ಅದೇ ಅಂಚೆಡಬ್ಬಿಗೆ ಬರುತ್ತದೆ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ಕೆಲಸಕ್ಕೆ ಅವಕಾಶವಿದೆ, ಆದರೆ ಮೊದಲ ಸೆಮಿಸ್ಟರ್ ಪಾಠ ಹಿಡಿತಕ್ಕೆ ಬರಲಿ.

ಒಂದು ಕೆಲಸ ಮಾತ್ರ ಮುಂದೂಡುವಂತಿಲ್ಲ. ಆಕೆ ಹೋದ ವೀಸಾದ ಅವಧಿ ಸಾಮಾನ್ಯವಾಗಿ ಕೆಲವೇ ತಿಂಗಳು. ಅದು ಮುಗಿಯುವ ಮೊದಲೇ ವಿದೇಶೀಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹೋಗಿರಬೇಕು.

ಈಗ ಅಳುವಿನ ಮಾತು. ಮೊದಲ ವಾರ ಯಾರೂ ಅಳುವುದಿಲ್ಲ. ಎಲ್ಬೆ ನದಿ, ಟ್ರಾಮು, ನಲ್ಲಿಯಿಂದ ನೇರ ಕುಡಿಯುವ ನೀರು, ಎಲ್ಲ ಹೊಸದು. ಹೈಸ್ಕೂಲಿನ ಪುಸ್ತಕದಲ್ಲಿ ಕುದುರೆಗಳು ಎಳೆದರೂ ಬಿಡದ ಎರಡು ಅರ್ಧಗೋಳಗಳ ಚಿತ್ರ ನೋಡಿದ್ದೀರಲ್ಲ, ಆ ಪ್ರಯೋಗ ಮಾಡಿದ ಓಟೋ ಫೋನ್ ಗೇರಿಕೆ ಇದೇ ಊರಿನ ಮೇಯರ್ ಆಗಿದ್ದವರು, ಯುನಿವರ್ಸಿಟಿಗೂ ಅವರದೇ ಹೆಸರು. ಅದನ್ನು ಅಪ್ಪನಿಗೆ ಹೇಳುವಾಗ ನನಗೆ ಎಷ್ಟು ಹೆಮ್ಮೆ! ಮೂರನೇ ವಾರಕ್ಕೆ ಹೊಸತನ ಇಳಿಯುತ್ತದೆ. ಭಾನುವಾರ ಅಂಗಡಿಗಳೆಲ್ಲ ಬಂದ್, ಬೀದಿಯಲ್ಲಿ ಸದ್ದಿಲ್ಲ, ಶನಿವಾರ ಸಂತೆ ಮಾಡಿಟ್ಟುಕೊಳ್ಳದಿದ್ದರೆ ಹಸಿದು ಕೂಡಬೇಕು. ಅಕ್ಟೋಬರ್ ಕಳೆದರೆ ಕತ್ತಲೆ ಬೇಗ ಬೀಳುತ್ತದೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಮನೆ ತುಂಬ ಮಂದಿಯ ನಡುವೆ ಬೆಳೆದ ಹುಡುಗಿಗೆ ಆ ನಿಶ್ಶಬ್ದವೇ ದೊಡ್ಡ ಭಾರ. ರೊಕ್ಕದ ನೆಪದಲ್ಲಿ ಆಕೆ ಅತ್ತದ್ದು ಅದಕ್ಕೂ ಇರಬಹುದು.

ಊಟದ ವಿಷಯದಲ್ಲಿ ನಿಮ್ಮಿಂದ ದೊಡ್ಡ ಸಹಾಯ ಆಗುತ್ತದೆ. ಯಾರಾದರೂ ಹೋಗುವವರಿದ್ದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಳಿಸಿ. ತುಪ್ಪ ಬೇಡ, ಖವಾ ಬೇಡ, ಹಸಿ ಕರಿಬೇವೂ ಬೇಡ. ಹೊರಗಿನ ದೇಶದಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಸಾಮಾನಿನಲ್ಲಿ ತರಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ, ಹಸಿ ಸೊಪ್ಪಿಗೆ ಸರ್ಟಿಫಿಕೇಟ್ ಕೇಳುತ್ತದೆ. ಬೆಳಗಾವಿ ಕುಂದಾ ಕೂಡ ಹಾಲಿನದೇ, ಅದು ರಜೆಗೆ ಬಂದಾಗ ಆಗಲಿ. ಅಗಸಿ ಮಾತ್ರ ಅಲ್ಲಿಯ ಅಂಗಡಿಗಳಲ್ಲೇ ಸಿಗುತ್ತದೆ, ಅವರು ಬ್ರೆಡ್ಡಿಗೆ ಹಾಕುತ್ತಾರೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಕೂಡಿಸಿ ಅಗಸಿ ಚಟ್ನಿ ಕುಟ್ಟುವುದನ್ನು ಫೋನಿನಲ್ಲೇ ಹೇಳಿಕೊಡಿ. ನನ್ನ ಅವ್ವ ಹಾಗೆ ಹೇಳಿಕೊಟ್ಟ ಸಂಜೆ ನಾನು ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಫೋನ್ ಮಾಡುವ ಹೊತ್ತನ್ನೂ ನೋಡಿ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ನಮಗಿಂತ ಮೂರೂವರೆ ತಾಸು ಹಿಂದೆ, ಆ ಮೇಲೆ ನಾಲ್ಕೂವರೆ ತಾಸು. ನೀವು ಬೆಳಿಗ್ಗೆ ಏಳಕ್ಕೆ ಪೂಜೆ ಮುಗಿಸಿ ಕರೆದರೆ ಅಲ್ಲಿ ಇನ್ನೂ ರಾತ್ರಿ ಎರಡೂವರೆಯೋ ಮೂರೂವರೆಯೋ ಆಗಿರುತ್ತದೆ. ರಾತ್ರಿ ಒಂಬತ್ತಕ್ಕೆ ಮಾಡಿ. ಟ್ರಾಮಿನ ಟಿಕೆಟ್ ತಪ್ಪಿ 60 ಯುರೋ ದಂಡ ಬಿತ್ತು ಅಂದರೆ ಬಯ್ಯಬೇಡಿ, ಹೊಸಬರಿಗೆ ಆಗುವ ತಪ್ಪು ಅದು.

ಇವತ್ತು ರಾತ್ರಿ ‘ಉಂಡಿ?’ ಎಂದು ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ. ‘ಆನ್‌ಮೆಲ್ಡುಂಗ್ ಆತೇನವಾ?’ ಆಗಿಲ್ಲ ಅಂದರೆ ಯಾವ ತಾರೀಖಿಗೆ ಸಮಯ ಸಿಕ್ಕಿದೆ ಎಂದು ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಆಗಿದೆ ಅಂದರೆ, ‘ಟಪಾಲು ಡಬ್ಬಿ ಮ್ಯಾಲ ನಿನ್ನ ಹೆಸರಿನ ಚೀಟಿ ಅಂಟಿಸಿಯೇನು? ಕೆಳಗಿಳದು ಹೋಗಿ ಒಂದು ಫೋಟೋ ತಗದು ಕಳಸು.’